ಮೂವತ್ತು ವಾಟಿನ ಊರ ರೇಡಿಯೋ

ರೇಡಿಯೋ ವಿಚಾರವನ್ನು ಈಗ ಯಾವ ತುದಿಯಿಂದ ಹಿಡಿದರೂ ಗೋಜಲು. ಒಂದೇ ಊರಿನ ಗಾಳಿಯಲ್ಲಿ ಮೂರು ಬಗೆಯ ರೇಡಿಯೋ, ಮೂರಕ್ಕೂ ಬೇರೆ ಬೇರೆ ಕಟ್ಟಳೆ. ಆಕಾಶವಾಣಿ ಸುದ್ದಿ ಓದಬಹುದು. ಖಾಸಗಿ ಎಫ್‌ಎಂ ತನ್ನ ಸುದ್ದಿ ಓದುವಂತಿಲ್ಲ, ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು. ಊರಿನ ಸಂಸ್ಥೆಗಳೇ ನಡೆಸುವ ಸಮುದಾಯ ಬಾನುಲಿಗೂ (ಕಮ್ಯುನಿಟಿ ರೇಡಿಯೋ) ಅದೇ ನಿರ್ಬಂಧ, ಅದರ ಮೇಲೆ ಪ್ರಸಾರ ಶಕ್ತಿಗೆ 100 ವಾಟಿನ ಮಿತಿ, ಏರಿಯಲ್‌ಗೆ 30 ಮೀಟರ್ ಎತ್ತರದ ಮಿತಿ. ಇತ್ತ ಹಳ್ಳಿಹಳ್ಳಿ ತಲುಪುತ್ತಿದ್ದ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳು ಒಂದೊಂದಾಗಿ ನಿಲ್ಲುತ್ತಿವೆ.

ಊರಿಗೊಂದು ರೇಡಿಯೋ ಇಷ್ಟು ತಡವಾಗಿ, ಇಷ್ಟೊಂದು ಷರತ್ತು ಹೊತ್ತು ಯಾಕೆ ಬಂತು ಎಂದು ಕೇಳಿದರೆ, ಯಂತ್ರ ಈಗಷ್ಟೇ ಅಗ್ಗವಾಗಿದೆ ಎನ್ನುವ ಉತ್ತರ ಸಿಗುತ್ತದೆ. ಹಳೆಯ ದಾಖಲೆ ನೋಡಿದವರಿಗೆ ಅದು ಅಷ್ಟಾಗಿ ಒಪ್ಪುವುದಿಲ್ಲ. 1930ರ ದಶಕದಲ್ಲೇ ಊರ ರೇಡಿಯೋ ಇತ್ತು. ಮದರಾಸಿನಲ್ಲಿ ಅದನ್ನು ನಡೆಸಿದ್ದು ನಗರಸಭೆ. ಮೈಸೂರಿನಲ್ಲಿ ಶುರುಮಾಡಿದ್ದು ಒಬ್ಬ ಕಾಲೇಜು ಮೇಷ್ಟ್ರು.

1923ರಲ್ಲಿ ಮುಂಬಯಿ, ಕಲ್ಕತ್ತೆಗಳಲ್ಲಿ ಹವ್ಯಾಸಿಗಳ ಕ್ಲಬ್ಬು, 1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ, 1930ರಲ್ಲಿ ಅದರ ದಿವಾಳಿ, ಅದೇ ವರ್ಷ ಸರ್ಕಾರದ ಕೈಗೆ, 1936ರ ಜೂನ್‌ನಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು: ಮೊದಲ ಹದಿಮೂರು ವರ್ಷದ ಚರಿತ್ರೆ ಇಷ್ಟೆ. ನಡುವೆ ಗಮನಿಸಬೇಕಾದದ್ದು ಕಂಪನಿಯ ಲೆಕ್ಕ. ಮುಂಬಯಿ, ಕಲ್ಕತ್ತೆಗಳಲ್ಲಿ ತಲಾ ಒಂದೂವರೆ ಕಿಲೋವಾಟಿನ ಟ್ರಾನ್ಸ್‌ಮಿಟರು. ಕೈಗೆ ಬಂದ 6 ಲಕ್ಷ ರೂಪಾಯಿ ಬಂಡವಾಳದಲ್ಲಿ ನಾಲ್ಕೂವರೆ ಲಕ್ಷ ಆ ಎರಡು ನಿಲಯ ಕಟ್ಟುವುದಕ್ಕೇ ಹೋಯಿತು. ಕೇಳುಗನ ಲೈಸೆನ್ಸಿಗೆ ವರ್ಷಕ್ಕೆ 10 ರೂಪಾಯಿ, ಅದರಲ್ಲಿ 8 ಕಂಪನಿಗೆ. 1929ರ ಕೊನೆಗೂ ಲೈಸೆನ್ಸುಗಳು 8 ಸಾವಿರ ಮುಟ್ಟಲಿಲ್ಲ. ಮುಟ್ಟಿದ್ದರೂ ವರ್ಷಕ್ಕೆ 64 ಸಾವಿರ ರೂಪಾಯಿ. ಎರಡು ಮಹಾನಗರಗಳ ಗಾಯಕರು, ಎಂಜಿನಿಯರರು, ವಾಲ್ವು, ಕರೆಂಟು ಎಲ್ಲವೂ ಅದರಲ್ಲೇ ನಡೆಯಬೇಕು. ಲೈಸೆನ್ಸಿಲ್ಲದೆ ಕೇಳುತ್ತಿದ್ದವರನ್ನು ಹಿಡಿಯುವುದಕ್ಕೆ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂದು, ಸೆಟ್ಟು ಇಟ್ಟುಕೊಳ್ಳುವುದೇ ಅನುಮತಿಯ ವಿಷಯವಾಗುವ ಹೊತ್ತಿಗೆ ಕಂಪನಿ ಮುಳುಗಿ ಮೂರು ವರ್ಷ ದಾಟಿತ್ತು. ಸರ್ಕಾರ ಕೂಡ 1931ರ ಅಕ್ಟೋಬರಿನಲ್ಲಿ ಅಂಗಡಿ ಮುಚ್ಚಲು ತೀರ್ಮಾನಿಸಿ, ಮುಂದಿನ ತಿಂಗಳೇ ಮನಸ್ಸು ಬದಲಿಸಿತು. ರೇಡಿಯೋ ಸೆಟ್ಟಿನ ಆಮದು ಸುಂಕ ಶೇ. 25ರಿಂದ 50ಕ್ಕೇರಿತು. ಕೇಳುಗರು ಕಡಿಮೆಯಾದ್ದರಿಂದ ನಷ್ಟ, ನಷ್ಟ ತುಂಬಲು ಸುಂಕ, ಸುಂಕದಿಂದ ಸೆಟ್ಟು ದುಬಾರಿ, ಸೆಟ್ಟು ದುಬಾರಿಯಾದ್ದರಿಂದ ಕೇಳುಗರು ಕಡಿಮೆ.

ಇದೇ ಕಾಲದಲ್ಲಿ ಮದರಾಸು ಬೇರೆ ದಾರಿ ಹಿಡಿದಿತ್ತು. ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಮುಂದಾಳತ್ವದ ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ 1924ರ ಜುಲೈ 31ರಂದು 40 ವಾಟಿನಿಂದ ಪ್ರಸಾರ ಶುರುಮಾಡಿ, 200 ವಾಟಿಗೆ ಏರಿ, 1927ರಲ್ಲಿ ದುಡ್ಡಿಲ್ಲದೆ ನಿಂತಿತ್ತು. ಅದರ ಯಂತ್ರವನ್ನು ಪಡೆದ ನಗರಸಭೆ 1930ರ ಏಪ್ರಿಲ್ 1ರಿಂದ ತಾನೇ ಪ್ರಸಾರ ನಡೆಸಿತು. ನಲ್ಲಿ ನೀರು, ಬೀದಿ ದೀಪ, ಅದರ ಜೊತೆ ರೇಡಿಯೋ. ಸಂಜೆ ನಾಲ್ಕರಿಂದ ನಾಲ್ಕೂವರೆವರೆಗೆ ನಗರಸಭೆ ಶಾಲೆಯ ಮಕ್ಕಳಿಗೆ ಸಂಗೀತ ಪಾಠ, ಕಥೆ. ಐದೂವರೆಯಿಂದ ಏಳೂವರೆವರೆಗೆ ಮುಖ್ಯ ಪ್ರಸಾರ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಗ್ರಾಮಫೋನು. ಸೆಟ್ಟು ಕೊಳ್ಳಲಾಗದವರಿಗೆ ಮರೀನಾ ಕಡಲತೀರದಲ್ಲಿ, ಪಾರ್ಕುಗಳಲ್ಲಿ ಧ್ವನಿವರ್ಧಕ. ಲೈಸೆನ್ಸಿನ ಸುಳಿಯಿಂದ ತಪ್ಪಿಸಿಕೊಳ್ಳಲು ಇಷ್ಟು ಸರಳ ಉಪಾಯ ಇತ್ತು ಎನ್ನುವುದು ಆಮೇಲಿನ ಚರ್ಚೆಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ.

ಎರಡು ಗಂಟೆಯ ಸಂಜೆ ಪ್ರಸಾರ ಎಂದರೆ ಇಡೀ ದಿನದ ಕೆಲಸ. ಆ ಕಾಲದ ಸಣ್ಣ ನಿಲಯವೊಂದರ ದಿನ ಏರಿಯಲ್‌ನಿಂದ, ಅಂದರೆ ತರಂಗವನ್ನು ಗಾಳಿಗೆ ಬಿಡುವ ತಂತಿಯಿಂದ, ಶುರುವಾಗುತ್ತದೆ. 300 ಮೀಟರ್ ತರಂಗಕ್ಕೆ ಸರಿಯಾದ ಕಾಲು ತರಂಗದ ಕಂಬ ಎಂದರೆ 75 ಮೀಟರ್ ಎತ್ತರ. ಅದು ಸಣ್ಣವರ ಕೈಗೆಟುಕುವ ಮಾತಲ್ಲ. ಎರಡು ಗಳುಗಳ ನಡುವೆ ತಂತಿ ಎಳೆದು, ನಡುವಿನಿಂದಲೋ ತುದಿಯಿಂದಲೋ ಕೆಳಗಿಳಿಸುವುದು ರೂಢಿ. ಹೀಗೆ ಗಿಡ್ಡವಾದ ಏರಿಯಲ್‌ಗೆ ಅರ್ತಿಂಗೇ ಜೀವ. ತಾಮ್ರದ ತಂತಿಗಳನ್ನು ಸುತ್ತಲೂ ನೆಲದಲ್ಲಿ ಹೂಳದಿದ್ದರೆ ಶಕ್ತಿಯ ಹೆಚ್ಚಿನ ಪಾಲು ಮಣ್ಣು ಕಾಯಿಸಿ ಮುಗಿಯುತ್ತದೆ. ಮಳೆಗಾಲದಲ್ಲಿ ಪಿಂಗಾಣಿ ಇನ್ಸುಲೇಟರಿನ ಮೇಲೆ ಕೂತ ದೂಳು ನೆನೆದು ಕರೆಂಟು ಸೋರುತ್ತದೆ. ಒರೆಸದೆ ಬಿಟ್ಟರೆ ಏರಿಯಲ್ ಮೀಟರಿನ ಮುಳ್ಳು ಮೇಲೇಳುವುದಿಲ್ಲ. ಗಾಳಿಗೆ ತಂತಿ ತೂಗಿದಾಗ ತರಂಗಾಂತರವೂ ಜಾರುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಲು ಸ್ಫಟಿಕದ ಹರಳು ಬೇಕು. ಹರಳಿಲ್ಲದ ಹಳೆಯ ಯಂತ್ರಗಳಲ್ಲಿ ಕೇಳುಗನೇ ಗುಂಡಿ ತಿರುಗಿಸುತ್ತ ನಿಲಯದ ಹಿಂದೆ ಓಡಬೇಕು.

ಯಂತ್ರ ಹೊತ್ತಿಸುವುದಕ್ಕೂ ಕ್ರಮವಿದೆ. ಮೊದಲು ವಾಲ್ವುಗಳ, ಅಂದರೆ ಬಲ್ಬಿನಂಥ ಗಾಜಿನ ಕೊಳವೆಗಳ, ಒಳಗಿನ ಫಿಲಮೆಂಟು ತಂತಿ. ಕೆಂಪಗೆ ಕಾದ ಮೇಲೆ ಹೈ ಟೆನ್ಶನ್, ಅಂದರೆ ಹೆಚ್ಚು ವೋಲ್ಟಿನ ಕರೆಂಟು. ಎಸಿ ಕರೆಂಟನ್ನು ಡಿಸಿ ಮಾಡುವ, ಪಾದರಸದ ಆವಿ ತುಂಬಿದ ರೆಕ್ಟಿಫೈಯರ್ ವಾಲ್ವಿದ್ದರೆ ಆತುರ ಕೂಡದು: ಆವಿ ಹದಕ್ಕೆ ಬರುವ ಮುನ್ನ ಹೈ ಟೆನ್ಶನ್ ಕೊಟ್ಟರೆ ಕಿಡಿ ಉಲ್ಟಾ ಹೊಡೆದು ವಾಲ್ವು ಸಾಯುತ್ತದೆ. ಡಬ್ಬಿಯಿಂದ ತೆಗೆದ ಹೊಸದನ್ನು ಕಾಲು ಗಂಟೆಗೂ ಹೆಚ್ಚು ಬರೀ ಫಿಲಮೆಂಟಿನ ಮೇಲೆ ಬೇಯಿಸಬೇಕು, ಸಾಗಣೆಯಲ್ಲಿ ಚೆಲ್ಲಾಡಿದ ಪಾದರಸ ಕೆಳಗಿಳಿಯಲು. ವಾಲ್ವು ವಿದೇಶದ್ದು, ಹಡಗಿನಲ್ಲಿ ಬರಬೇಕು, ಸುಂಕವಿದೆ. ಒಂದು ಹೋದರೆ ಎಷ್ಟು ದಿನದ ಪ್ರಸಾರ ಹೋಯಿತೋ ಹೇಳಲಾಗದು. ಬಂದ್ ಮಾಡುವಾಗ ಇದೇ ಕ್ರಮ ಹಿಂದುಮುಂದು, ಹೈ ಟೆನ್ಶನ್ ಮೊದಲು ತೆಗೆಯಬೇಕು.

ಸ್ಟುಡಿಯೋ ಎಂದರೆ ಒಂದು ಕೋಣೆ: ಗೋಡೆಗೆ ದಪ್ಪ ಪರದೆ, ನೆಲಕ್ಕೆ ತೆಂಗಿನ ನಾರಿನ ಚಾಪೆ, ಬಾಗಿಲು ಕಿಟಕಿ ಭದ್ರ. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನಿಲ್ಲ. ಏಪ್ರಿಲ್ ತಿಂಗಳ ಸಂಜೆ ಅಲ್ಲಿ ಮುಕ್ಕಾಲು ಗಂಟೆ ಹಾಡುವ ಕಷ್ಟ ಹಾಡುವವರಿಗೇ ಗೊತ್ತು. ಮೈಕು ಇಂಗಾಲದ ಕಾಳಿನದು. ತೇವಕ್ಕೆ ಕಾಳು ಗಂಟು ಕಟ್ಟಿ ಧ್ವನಿ ಮಂಕಾಗುತ್ತದೆ, ಜೊತೆಗೊಂದು ಸುಂಯ್ ಸದ್ದು. ಕರೆಂಟು ತೆಗೆದು, ಮೆಲ್ಲಗೆ ತಟ್ಟಿ, ಕಾಳು ಬಿಡಿಸಿ ಮತ್ತೆ ಹಚ್ಚಬೇಕು. ಕರೆಂಟು ಹರಿಯುತ್ತಿರುವಾಗಲೇ ಅಲ್ಲಾಡಿಸಿದರೆ ಕಾಳುಗಳು ಒಂದಕ್ಕೊಂದು ಬೆಸೆದು ಮೈಕು ಕೆಡುತ್ತದೆ.

ಕಛೇರಿಗೆಲ್ಲ ಒಂದೇ ಮೈಕು. ಆದ್ದರಿಂದ ಧ್ವನಿಯ ಹದ ಮಾಡುವುದು ಗುಂಡಿಯಿಂದಲ್ಲ, ಕೂರಿಸುವ ಜಾಗದಿಂದ. ಗಾಯಕರು ಎರಡು ಮೂರು ಅಡಿ ದೂರ, ಪಿಟೀಲು ಓರೆಗೆ, ಮೃದಂಗ ಎಂಟು ಹತ್ತು ಅಡಿ ಹಿಂದೆ. ಮೃದಂಗದ ಒಂದು ಚಾಪು ಏಟು ಗಾಯಕರ ಧ್ವನಿಯನ್ನು ಮೀರಿ ಹಾರಿತೆಂದರೆ ತೊಂದರೆ. ಧ್ವನಿಯನ್ನು ಹೊತ್ತೊಯ್ಯುವ ರೇಡಿಯೋ ತರಂಗವೇ ವಾಹಕ ತರಂಗ; 30 ವಾಟಿನ ವಾಹಕ ತರಂಗವನ್ನು ಪೂರ್ತಿ ತುಂಬಲು 15 ವಾಟಿನ ಧ್ವನಿಶಕ್ತಿ ಸಾಕು. ಆಗ ಶಿಖರದ ಕ್ಷಣದಲ್ಲಿ ಯಂತ್ರ 120 ವಾಟು ಹೊರಬೇಕು. ಅದಕ್ಕೂ ಮೀರಿದರೆ ವಾಹಕ ತರಂಗವೇ ಕ್ಷಣಕಾಲ ಕಡಿದುಹೋಗಿ, ಮೃದಂಗ ಚಟಚಟ ಒಡೆಯುತ್ತದೆ, ಅಕ್ಕಪಕ್ಕದ ತರಂಗಾಂತರಕ್ಕೂ ಕಸ ಚೆಲ್ಲುತ್ತದೆ. ತಾಳ ಬಲ್ಲ ಆಪರೇಟರು ತನಿ ಆವರ್ತನದ ಮುಕ್ತಾಯ ಬರುವ ಮುಂಚೆಯೇ ಗುಂಡಿ ಇಳಿಸುತ್ತಾನೆ. ತಾಳ ತಿಳಿಯದವನು ಏಟು ಬಿದ್ದ ಮೇಲೆ ಇಳಿಸುತ್ತಾನೆ, ಅಷ್ಟರಲ್ಲಿ ಅದು ಒಡೆದು ಹೋಗಿರುತ್ತದೆ.

ಧ್ವನಿಮುದ್ರಿಸಿ ಇಡುವ ಟೇಪು ಆಗ ಇಲ್ಲ. ವಿದ್ವಾಂಸರು ಬರಲಿಲ್ಲವೆಂದರೆ ಆಸರೆ ಗ್ರಾಮಫೋನ್ ಪ್ಲೇಟು. ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲು ಮೂರು ನಿಮಿಷ. ಅರ್ಧ ಗಂಟೆ ತುಂಬಲು ಹತ್ತು ಮಗ್ಗುಲು, ಹತ್ತು ಉಕ್ಕಿನ ಮುಳ್ಳು. ಒಂದು ಮುಳ್ಳಿನಲ್ಲಿ ಎರಡನೇ ಮಗ್ಗುಲು ಹಾಕಿದರೆ ಸವೆದ ಮೊನೆ ಪ್ಲೇಟನ್ನೇ ಕೆರೆಯುತ್ತದೆ. ಮೂರು ಗಂಟೆ ಹಾಡಿ ರೂಢಿಯಿದ್ದವರಿಗೆ ಗಡಿಯಾರ ನೋಡಿ ರಾಗ ಮುಗಿಸುವುದು ಹೊಸ ಶಿಕ್ಷೆ.

ಕೇಳುವ ಮನೆಯಲ್ಲೂ ಕೆಲಸ ಕಡಿಮೆಯಿರಲಿಲ್ಲ. ಹತ್ತಿರದವರಿಗೆ ಗೆಲೀನಾ ಹರಳಿನ ಸೆಟ್ಟು ಸಾಕು, ಬ್ಯಾಟರಿ ಬೇಡ, ಕಿವಿಗೆ ಹೆಡ್‌ಫೋನು; ತಂತಿಯ ಮೊನೆಯಿಂದ ಹರಳಿನ ಮೇಲೆ ಒಳ್ಳೆಯ ಜಾಗ ಹುಡುಕಿ ಕೂರಿಸಿದ ಮೇಲೆ ಯಾರೂ ಮೇಜು ಮುಟ್ಟಬಾರದು. ದೂರದವರಿಗೆ ವಾಲ್ವು ಸೆಟ್ಟು: ಫಿಲಮೆಂಟಿಗೆ 2 ವೋಲ್ಟಿನ ಆ್ಯಸಿಡ್ ಬ್ಯಾಟರಿ, ಹೈ ಟೆನ್ಶನ್‌ಗೆ 90ರಿಂದ 120 ವೋಲ್ಟಿನ ಒಣ ಬ್ಯಾಟರಿ. ಮೊದಲನೆಯದನ್ನು ಆಗಾಗ ಚಾರ್ಜಿಗೆ ಹೊತ್ತೊಯ್ಯಬೇಕು, ಎರಡನೆಯದು ಮುಗಿದರೆ ಹೊಸದೇ ಕೊಳ್ಳಬೇಕು. ಮನೆ ಮೇಲೆ 50ರಿಂದ 100 ಅಡಿ ತಂತಿ, ಹಿತ್ತಲಲ್ಲಿ ಇದ್ದಿಲು ಉಪ್ಪು ಹಾಕಿ ಹೂತ ತಾಮ್ರದ ತಗಡು, ಬೇಸಿಗೆಯಲ್ಲಿ ಅದಕ್ಕೊಂದು ಕೊಡ ನೀರು. ಮುಂಗಾರಿನ ಮುಂಚಿನ ಗುಡುಗಿನ ದಿನಗಳಲ್ಲಿ ಮೀಡಿಯಂ ವೇವ್ ತುಂಬ ಗರಗರ. ಸಿಡಿಲು ಹತ್ತಿರ ಬಂದರೆ ಏರಿಯಲನ್ನು ನೆಲಕ್ಕೆ ಸೇರಿಸಿ ಸುಮ್ಮನಿರುವುದೇ ಸರಿ.

ಇಂಥ ಹೊತ್ತಿನಲ್ಲಿ, 1935ರ ಸೆಪ್ಟೆಂಬರ್ 10ರಂದು, ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಮೊದಲ ದಿನ ಕುವೆಂಪು ಕವಿತೆ ಓದಿದರು, ಟಿ. ಚೌಡಯ್ಯ ಪಿಟೀಲು ನುಡಿಸಿದರು. ಮೈಸೂರಿಗೆ 1908ರಲ್ಲೇ ವಿದ್ಯುತ್ ಬಂದಿದ್ದರಿಂದ ಪೇಟೆಯಲ್ಲಿ ಬ್ಯಾಟರಿಯ ಕಾಟ ಅಷ್ಟಿರಲಿಲ್ಲ. ಆಮೇಲೆ 250 ವಾಟಿನ ಯಂತ್ರ ಬಂತು. ಎಂಟು ಪಟ್ಟು ಶಕ್ತಿ ಎಂದರೆ ಎಂಟು ಪಟ್ಟು ದೂರವಲ್ಲ. ಒಳ್ಳೆಯ ಏರಿಯಲ್‌ನಿಂದ ಒಂದು ಕಿಲೋಮೀಟರ್ ದೂರದಲ್ಲಿ 30 ವಾಟು ಕೊಡುವ ಬಲ ಮೀಟರಿಗೆ ಸುಮಾರು 52 ಮಿಲಿವೋಲ್ಟ್, 250 ವಾಟಿನದು 150. ಮೂರು ಪಟ್ಟು ಕೂಡ ಇಲ್ಲ. ಊರು, ಊರಿನ ಸುತ್ತಲ ಹಳ್ಳಿಗಳಿಗೆ ಅದು ಸಾಕಿತ್ತು. ಮೈಸೂರಿನ ನಗರಸಭೆಯೂ ನೆರವಾಯಿತು. ಖರ್ಚು ಒಬ್ಬರ ಕೈಮೀರಿದ ಮೇಲೆ, 1940ರ ದಶಕದ ಆರಂಭದಲ್ಲಿ, ನಿಲಯ ಸಂಸ್ಥಾನದ ಸರ್ಕಾರಕ್ಕೆ ಸೇರಿತು. ಮದರಾಸಿನ ನಗರಸಭೆಯ ಪ್ರಸಾರ ಅಷ್ಟರಲ್ಲೇ ಮುಗಿದಿತ್ತು. 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೋದ ಮದರಾಸು ನಿಲಯ ಆ ಜಾಗಕ್ಕೆ ಬಂತು.

ಕಾನೂನಿನಲ್ಲಿ ಸಣ್ಣವರಿಗೆ ಒಂದು ಕಿಂಡಿ ಇತ್ತು. 1935ರ ಭಾರತ ಸರ್ಕಾರ ಕಾಯ್ದೆಯ 129ನೇ ಕಲಮಿನ ಪ್ರಕಾರ, ಪ್ರಾಂತ್ಯಗಳಿಗೂ ಒಕ್ಕೂಟ ಸೇರುವ ಸಂಸ್ಥಾನಗಳಿಗೂ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವ ಅವಕಾಶವನ್ನು ವಿನಾಕಾರಣ ನಿರಾಕರಿಸುವಂತಿರಲಿಲ್ಲ. 1950ರ ಸಂವಿಧಾನದಲ್ಲಿ ಪ್ರಸಾರ ಕೇಂದ್ರ ಪಟ್ಟಿಯ 31ನೇ ಬಾಬತ್ತಾಯಿತು. ಅದೇ ವರ್ಷ ಏಪ್ರಿಲ್ 1ಕ್ಕೆ ಮೈಸೂರು, ಹೈದರಾಬಾದು, ತಿರುವನಂತಪುರ ಮುಂತಾದ ಸಂಸ್ಥಾನಗಳ ನಿಲಯಗಳು ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿದವು. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ, ಯಾರೂ ಇದನ್ನು ಪ್ರಶ್ನಿಸುವ ಸ್ಥಿತಿಯಲ್ಲಿರಲಿಲ್ಲ ಎನ್ನುವುದೂ ನಿಜ. ಧಾರವಾಡ ಅದೇ ವರ್ಷ ಜನವರಿಯಲ್ಲಿ ಶುರುವಾಗಿತ್ತು. 1955ರ ನವೆಂಬರಿನಲ್ಲಿ ಮೈಸೂರಿನ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಸಿಕ್ಕಿದ್ದು 1974ರಲ್ಲಿ.

ನಂತರದ್ದು ದೊಡ್ಡ ಟ್ರಾನ್ಸ್‌ಮಿಟರುಗಳ ಕಾಲ. ಬೆಂಗಳೂರಿನ 612 ಕಿಲೋಹರ್ಟ್ಸ್ 200 ಕಿಲೋವಾಟಿನದು. ಕೃಷಿರಂಗ, ಗಮಕ, ನಾಟಕ, ಸುಗಮ ಸಂಗೀತ, ಎಲ್ಲವೂ ಅದರಿಂದ ಬಂದದ್ದೇ. ಆ ಕೊಡುಗೆಯನ್ನು ಕಡಿಮೆ ಎನ್ನಲಾಗದು. ಒಂದು ದೊಡ್ಡ ನಿಲಯ ಇಪ್ಪತ್ತು ತಾಲ್ಲೂಕಿಗೆ ಒಟ್ಟಿಗೆ ಮಾತಾಡುವಾಗ ಯಾವ ತಾಲ್ಲೂಕಿನ ಕೆರೆಯ ಮಾತೂ ಬರುವುದಿಲ್ಲ, ಅಷ್ಟೆ. ಲೈಸೆನ್ಸ್ ಪುಸ್ತಕ ಹಿಡಿದು ಅಂಚೆ ಕಚೇರಿಯಲ್ಲಿ ನಿಲ್ಲುವುದು 1980ರ ದಶಕದಲ್ಲಿ ತಪ್ಪಿತು. 1990ರ ದಶಕದಲ್ಲಿ ಹಾಸನ, ಚಿತ್ರದುರ್ಗ, ಮಡಿಕೇರಿಗಳಿಗೆ ಎಫ್‌ಎಂ ನಿಲಯಗಳು ಬಂದವು. 1995ರಲ್ಲಿ ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದರ ಫಲ ಮೊದಲು ತಟ್ಟಿದ್ದು ದುಡ್ಡಿದ್ದವರಿಗೆ: ದೇಶದ ಮೊದಲ ಖಾಸಗಿ ಎಫ್‌ಎಂ 2001ರ ಜುಲೈಯಲ್ಲಿ ಬೆಂಗಳೂರಿನಿಂದಲೇ ಶುರು. ಅದೇ ಸುಮಾರಿಗೆ ಕೋಲಾರ ಜಿಲ್ಲೆಯ ಬೂದಿಕೋಟೆಯ ಹೆಂಗಸರು ತಮ್ಮ ‘ನಮ್ಮ ಧ್ವನಿ’ಯನ್ನು ಕೇಬಲ್ ಟಿವಿಯ ತಂತಿಯಲ್ಲಿ ಹರಿಸಿದರು, ಗಾಳಿಗೆ ಬಿಡಲು ಅನುಮತಿ ಇರಲಿಲ್ಲವಾದ್ದರಿಂದ. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ.

ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ ಸಮುದಾಯ ಬಾನುಲಿ ಟ್ರಾನ್ಸ್‌ಮಿಟರು 50 ವಾಟಿನದು. ಪಾದರಸದ ವಾಲ್ವಿಲ್ಲ, ಮುಳ್ಳು ಬದಲಿಸಬೇಕಿಲ್ಲ. ಜಾಹೀರಾತಿಗೆ 2024ರ ಮಾರ್ಗಸೂಚಿಯಂತೆ ಗಂಟೆಗೆ 12 ನಿಮಿಷ. ಖಾಸಗಿ ಎಫ್‌ಎಂಗೆ 2011ರ ನೀತಿ ಕೊಟ್ಟ ಪಟ್ಟಿಯಲ್ಲಿ ಸಂಚಾರ, ಹವಾಮಾನ, ಪರೀಕ್ಷೆ ಫಲಿತಾಂಶ, ನೀರು ಮತ್ತು ವಿದ್ಯುತ್ ಸರಬರಾಜಿನ ಮಾಹಿತಿ ‘ಸುದ್ದಿಯಲ್ಲ’. ಅಂದರೆ ನಾಳೆ ನೀರು ಬರುವುದಿಲ್ಲ ಎಂದು ಹೇಳಬಹುದು. ಪೈಪು ಒಡೆದು ಮೂರು ವಾರವಾದರೂ ಯಾಕೆ ರಿಪೇರಿಯಾಗಿಲ್ಲ ಎಂದು ವಿಚಾರಿಸಿ ಹೇಳಹೊರಟರೆ ಅದು ಸುದ್ದಿಯಾಗಿಬಿಡುತ್ತದೆ. ಗಂಟೆಗೆ 10 ನಿಮಿಷ ಸುದ್ದಿ ಮತ್ತು ಪ್ರಚಲಿತ ವಿಚಾರಗಳಿಗೆ ಖಾಸಗಿ ಎಫ್‌ಎಂಗಳಿಗೆ ಅವಕಾಶ ಕೊಡಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿದೆ.