ಅಧಿಕ ವಿಭೇದನದ ರೋಹಿತದರ್ಶನ: ಕಾದ ಶಿಲಾಗ್ರಹಗಳ ವಾಯುಮಂಡಲದ ಶೋಧ

ಪ್ರತಿಯೊಂದು ಅನಿಲವೂ ತನಗೇ ಮೀಸಲಾದ ಕೆಲವು ತರಂಗದೂರಗಳ ಬೆಳಕನ್ನು ಹೀರುತ್ತದೆ; ನಕ್ಷತ್ರದ ಬೆಳಕನ್ನು ರೋಹಿತವಾಗಿ ಹರಡಿದಾಗ ಆ ಜಾಗಗಳಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಎಷ್ಟು ಹತ್ತಿರದ ಎರಡು ತರಂಗದೂರಗಳನ್ನು ಉಪಕರಣವು ಬೇರೆಬೇರೆಯಾಗಿ ತೋರಿಸಬಲ್ಲದೋ ಅದನ್ನು ವಿಭೇದನ ಸಾಮರ್ಥ್ಯ ಎನ್ನುತ್ತಾರೆ, ತರಂಗದೂರವನ್ನು ಆ ಕನಿಷ್ಠ ಅಂತರದಿಂದ ಭಾಗಿಸಿ ಸಂಖ್ಯೆಯಲ್ಲಿ ಹೇಳುತ್ತಾರೆ. ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕದ ಸಮೀಪ ಅವಕೆಂಪು ರೋಹಿತದರ್ಶಕದಲ್ಲಿ ಈ ಸಂಖ್ಯೆ ಹೆಚ್ಚೆಂದರೆ 2,700ರ ಆಸುಪಾಸಿನಲ್ಲಿದೆ. ಚಿಲಿಯ ಪರಾನಾಲ್ ಬೆಟ್ಟದ ಮೇಲಿನ ವೆರಿ ಲಾರ್ಜ್ ಟೆಲಿಸ್ಕೋಪ್‌ಗೆ ಜೋಡಿಸಿರುವ ಕ್ರೈರ್ಸ್ ಉಪಕರಣದಲ್ಲಿ ಅದು 1,00,000ದಷ್ಟಿದೆ.

ಅಷ್ಟು ಸೂಕ್ಷ್ಮವಾಗಿ ನೋಡಿದಾಗ ಗೆರೆಗಳು ಬಿಡಿಬಿಡಿಯಾಗಿ ಕಾಣುವುದಷ್ಟೇ ಅಲ್ಲ, ಅನಿಲದ ಚಲನೆಯೂ ಅಳತೆಗೆ ಸಿಗುತ್ತದೆ. ಬೆಳಕಿನ ಮೂಲ ನಮ್ಮತ್ತ ಬರುತ್ತಿದ್ದರೆ ಗೆರೆಗಳು ನೀಲಿಯ ಕಡೆಗೂ ದೂರ ಸರಿಯುತ್ತಿದ್ದರೆ ಕೆಂಪಿನ ಕಡೆಗೂ ಜರುಗುವ ಡಾಪ್ಲರ್ ಪರಿಣಾಮವು ಇಲ್ಲಿ ಸೆಕೆಂಡಿಗೆ 3 ಕಿ.ಮೀ. ವೇಗದ ವ್ಯತ್ಯಾಸಕ್ಕೂ ಗೋಚರವಾಗುತ್ತದೆ. (1909ರಲ್ಲಿ ಜಾನ್ ಎವರ್ಶೆಡ್ ಸೌರಕಲೆಗಳಲ್ಲಿ ಅನಿಲ ಹರಿಯುವುದನ್ನು ಕಂಡುಕೊಂಡದ್ದೂ ಗೆರೆಗಳ ಇಂಥದೇ ಜರುಗುವಿಕೆಯಿಂದ, ಅವರು ಕೆಲಸ ಮಾಡಿದ ಕೊಡೈಕೆನಾಲ್ ವೀಕ್ಷಣಾಲಯವನ್ನು ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುತ್ತಿದೆ.)

ಕರ್ಕಾಟಕ ರಾಶಿಯ ದಿಕ್ಕಿನಲ್ಲಿ ಸುಮಾರು 41 ಜ್ಯೋತಿರ್ವರ್ಷ ದೂರದಲ್ಲಿರುವ 55 ಕ್ಯಾಂಕ್ರಿ ನಕ್ಷತ್ರವನ್ನು ಸುತ್ತುವ 'ಇ' ಎಂಬ ಗ್ರಹವನ್ನೇ ತೆಗೆದುಕೊಳ್ಳೋಣ. ಭೂಮಿಗಿಂತ ಸುಮಾರು ಎಂಟು ಪಟ್ಟು ದ್ರವ್ಯರಾಶಿಯುಳ್ಳ ಈ ಗ್ರಹದ ಒಂದು ವರ್ಷ 18 ಗಂಟೆಗೂ ಕಡಿಮೆ. ಹಗಲಿನ ಪಾರ್ಶ್ವದಲ್ಲಿ ಬಂಡೆ ಕರಗಿ ಲಾವಾ ಆಗುವಷ್ಟು ಕಾವಿದೆ. ಅದು ನಕ್ಷತ್ರದ ಮುಂದೆ ಹಾದುಹೋಗುವಾಗ (ಇದಕ್ಕೆ ಸಂಕ್ರಮಣ ಎನ್ನುತ್ತಾರೆ) ಇಡೀ ಗ್ರಹವೇ ಮರೆಮಾಡುವ ಬೆಳಕು ಹತ್ತು ಸಾವಿರದಲ್ಲಿ ಮೂರೋ ನಾಲ್ಕೋ ಪಾಲು ಮಾತ್ರ, ಅಂಚಿನ ತೆಳುಗಾಳಿ ಹೀರುವುದಂತೂ ಅದರಲ್ಲೂ ಅತ್ಯಲ್ಪ ಅಂಶ. ಭೂಮಿಯ ಮೇಲಿನ ದೂರದರ್ಶಕಕ್ಕೆ ಇದರ ಜೊತೆಗೆ ನಮ್ಮದೇ ವಾತಾವರಣದ ನೀರಾವಿಯ ಗೆರೆಗಳೂ ಅಡ್ಡ ಬರುತ್ತವೆ.

ದಾರಿ ತೋರಿಸುವುದು ಗ್ರಹದ ವೇಗ. ಗ್ರಹವು ಸೆಕೆಂಡಿಗೆ ಸುಮಾರು 230 ಕಿ.ಮೀ. ವೇಗದಲ್ಲಿ ಸುತ್ತುತ್ತಿರುವುದರಿಂದ, ಒಂದೂವರೆ ಗಂಟೆಯ ಒಂದು ಸಂಕ್ರಮಣದೊಳಗೆ ಅದರ ಗೆರೆಗಳು ಸೆಕೆಂಡಿಗೆ ಸುಮಾರು 60 ಕಿ.ಮೀ. ವೇಗಕ್ಕೆ ತಕ್ಕಷ್ಟು ನೀಲಿಯ ಕಡೆಯಿಂದ ಹೊರಟು ಅಷ್ಟೇ ದೂರ ಕೆಂಪಿನ ಕಡೆಗೆ ತಲುಪುತ್ತವೆ. ಅದೇ ಹೊತ್ತಿನಲ್ಲಿ ನಮ್ಮ ನೀರಾವಿಯ ಗೆರೆಗಳು ಇದ್ದಲ್ಲೇ ಇರುತ್ತವೆ, ನಕ್ಷತ್ರದವು ಬಹುಮಟ್ಟಿಗೆ ಅಲುಗುವುದಿಲ್ಲ. ಒಂದು ರಾತ್ರಿಯ ರೋಹಿತಗಳನ್ನು ಸಮಯದ ಕ್ರಮದಲ್ಲಿ ಒಂದರ ಕೆಳಗೊಂದು ಜೋಡಿಸಿದರೆ ನಿಂತ ಗೆರೆಗಳು ನೇರವಾದ ಕಂಬಸಾಲುಗಳಾಗುತ್ತವೆ. ಗ್ರಹದ ಗೆರೆಗಳು ಅವುಗಳ ನಡುವೆ ಓರೆಯಾಗಿ ಸಾಗಬೇಕು. ಕಂಬಸಾಲುಗಳನ್ನು ಗಣಿತದಿಂದ ಅಳಿಸಿಹಾಕಿದ ಮೇಲೂ ಓರೆಗೆರೆ ಕಣ್ಣಿಗೆ ಕಾಣದು, ಏಕೆಂದರೆ ಒಂದೊಂದು ಗೆರೆಯೂ ಅಳತೆಯ ಯಾದೃಚ್ಛಿಕ ಏರಿಳಿತಗಳ ಗದ್ದಲದೊಳಗೆ ಮುಳುಗಿರುತ್ತದೆ. ಆದುದರಿಂದ ನೀರು, ಕಾರ್ಬನ್ ಮಾನಾಕ್ಸೈಡ್ ಮೊದಲಾದ ಅಣುವಿನ ಸಾವಿರಾರು ಗೆರೆಗಳ ಮಾದರಿಯನ್ನು ಲೆಕ್ಕಹಾಕಿ, ಗ್ರಹದ ವೇಗಕ್ಕೆ ತಕ್ಕಂತೆ ಜರುಗಿಸಿ, ದತ್ತಾಂಶದೊಂದಿಗೆ ಹೋಲಿಸಿ, ಎಲ್ಲ ಗೆರೆಗಳ ಕೊಡುಗೆಯನ್ನು ಒಟ್ಟುಗೂಡಿಸುತ್ತಾರೆ. ಆ ಮಾದರಿಯ ತರಂಗದೂರಗಳಲ್ಲಿ ದೋಷವಿದ್ದರೆ ಇರುವ ಅನಿಲವೂ ಸಿಗದೆ ಹೋಗಬಹುದು.

2010ರಲ್ಲಿ ಇಗ್ನಾಸ್ ಸ್ನೆಲೆನ್ ಮತ್ತು ಸಂಗಡಿಗರು ಕ್ರೈರ್ಸ್ ಬಳಸಿ ಎಚ್‌ಡಿ 209458 ಬಿ ಎಂಬ ಅನಿಲದೈತ್ಯನಲ್ಲಿ ಕಾರ್ಬನ್ ಮಾನಾಕ್ಸೈಡನ್ನು ಗುರುತಿಸಿದ್ದು ಈ ಕ್ರಮದಿಂದಲೇ. ಶಿಲಾಗ್ರಹಗಳ ವಿಷಯದಲ್ಲಿ ಅಂಥ ಫಲ ಸುಲಭವಲ್ಲ. ಗಾಳಿಯಲ್ಲಿ ಹೈಡ್ರೋಜನ್ ಬದಲು ಕಾರ್ಬನ್ ಡೈಆಕ್ಸೈಡ್ ತುಂಬಿದ್ದರೆ ಅಣುವಿನ ತೂಕ ಇಪ್ಪತ್ತು ಪಟ್ಟು ಹೆಚ್ಚಿ, ವಾಯುಮಂಡಲದ ಹರವು ಅಷ್ಟೇ ಪಾಲು ಕುಗ್ಗುತ್ತದೆ. 2016ರಲ್ಲಿ 55 ಕ್ಯಾಂಕ್ರಿ ಇ ಸುತ್ತ ಸೋಡಿಯಂ ಮತ್ತು ಅಯಾನೀಕೃತ (ಎಲೆಕ್ಟ್ರಾನ್ ಕಳೆದುಕೊಂಡ) ಕ್ಯಾಲ್ಸಿಯಂನ ಸುಳಿವು ವರದಿಯಾದರೂ ಅದು ದೃಢಪಟ್ಟ ಪತ್ತೆಯಾಗಿರಲಿಲ್ಲ. ಮರುವರ್ಷ ನೀರಾವಿಯ ಹುಡುಕಾಟವೂ ಬರಿಗೈಯಲ್ಲಿ ಮುಗಿಯಿತು. ಇದನ್ನು ಸೋಲೆಂದು ಬಗೆಯುವುದು ಸರಿಯಲ್ಲ. ನೀರು ತುಂಬಿದ, ಹಗುರವಾದ, ಉಬ್ಬಿದ ವಾಯುಮಂಡಲ ಇದ್ದಿದ್ದರೆ ಕಾಣಬೇಕಿತ್ತು ಎಂದು ತೋರಿಸಿ ಒಂದಿಡೀ ಬಗೆಯ ಊಹೆಗಳನ್ನು ಈ ವಿಧಾನ ಬದಿಗೆ ಸರಿಸಿದೆ. ಆದರೆ ಭಾರವಾದ ಅಥವಾ ಮೋಡ ಕವಿದ ಗಾಳಿಯನ್ನು ಅದು ಅಲ್ಲಗಳೆಯಲಾರದು.

2024ರಲ್ಲಿ ರೆನ್ಯೂ ಹೂ ಮತ್ತು ಸಂಗಡಿಗರು ವೆಬ್ ದೂರದರ್ಶಕದ ಅವಲೋಕನದಿಂದ, ಈ ಗ್ರಹದ ಹಗಲಿನ ಪಾರ್ಶ್ವ ಬರಿಬಂಡೆಯಾಗಿದ್ದರೆ ಇರಬೇಕಾದಷ್ಟು ಬಿಸಿಯಾಗಿಲ್ಲವೆಂದೂ, ಕಾರ್ಬನ್ ಮಾನಾಕ್ಸೈಡ್ ಅಥವಾ ಡೈಆಕ್ಸೈಡ್ ಹೇರಳವಾಗಿರುವ ವಾಯುಮಂಡಲ ಇರುವ ಸಾಧ್ಯತೆಯಿದೆಯೆಂದೂ ಪ್ರಕಟಿಸಿದರು. ಈ ಎರಡು ಅನಿಲಗಳಲ್ಲಿ ಯಾವುದು ಎಂದು ಬಿಡಿ ಗೆರೆಗಳಿಂದ ತೀರ್ಮಾನಿಸುವುದು ಅಧಿಕ ವಿಭೇದನಕ್ಕೆ ಒಪ್ಪುವ ಕೆಲಸ. ಆದರೆ ಒಂದು ತೊಡಕಿದೆ. ಕ್ಷೀಣ ಗೆರೆಗಳನ್ನು ಮೇಲೆತ್ತಲು ಹಲವು ರಾತ್ರಿಗಳ ದತ್ತಾಂಶವನ್ನು ಕೂಡಿಸಬೇಕು, ಹಾಗೆ ಕೂಡಿಸುವುದೆಂದರೆ ಆ ಎಲ್ಲ ರಾತ್ರಿಗಳಲ್ಲೂ ಗಾಳಿ ಒಂದೇ ರೀತಿ ಇತ್ತು ಎಂದು ಒಪ್ಪಿಕೊಂಡಂತೆ. ಈ ಗ್ರಹದ ಹಗಲಿನ ಪ್ರಕಾಶವಾದರೋ ಕಾಲದಿಂದ ಕಾಲಕ್ಕೆ ಬದಲಾಗುತ್ತಿರುವುದನ್ನು ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ ಮೊದಲೇ ದಾಖಲಿಸಿದೆ.