ಫ್ಯೂಕೊಕ್ಸಾಂಥಿನ್: ಕಡಲಕಳೆಯ ಕಂದು ಬಣ್ಣದ ಗುಟ್ಟು

ಚಳಿಗಾಲದಲ್ಲಿ ಕಾರವಾರದ ಕಡೆ ಹೋದಾಗ, ನೀರು ಇಳಿದ ಹೊತ್ತಿನಲ್ಲಿ ಕಡಲಂಚಿನ ಬಂಡೆಗಳ ಹತ್ತಿರ ಸ್ವಲ್ಪ ಬಗ್ಗಿ ನೋಡಿ. ಕಂದು ಬಣ್ಣದ ಒಂದು ಕಳೆ ಬಂಡೆಗೆ ಅಂಟಿಕೊಂಡು ತೊನೆಯುತ್ತಿರುತ್ತದೆ. ಎಲೆಗಳ ನಡುವೆ ಕಾಳಿನ ಗಾತ್ರದ ಗಾಳಿಗುಳ್ಳೆಗಳು. ಎರಡು ಬೆರಳಲ್ಲಿ ಒತ್ತಿದರೆ ಪಟ್ ಅನ್ನುತ್ತವೆ. ಇದರ ಹೆಸರು ಸರ್ಗಾಸಮ್.

ಅಲೆಗೆ ಕಿತ್ತು ಬಂದ ಒಂದು ಹಸಿ ಎಸಳನ್ನು ಕುದಿಯುವ ನೀರಿಗೆ ಹಾಕಿದರೆ ಒಂದು ತಮಾಷೆ ನಡೆಯುತ್ತದೆ. ನೋಡನೋಡುತ್ತಲೇ ಕಂದು ಬಣ್ಣ ಹೋಗಿ ಹಸಿರು ಬರುತ್ತದೆ. ಜಪಾನಿನ ಅಡುಗೆಮನೆಯಲ್ಲಿ ಇದು ಹಳೇ ವಿಷಯ. ಅಲ್ಲಿನ ವಕಾಮೆ ಎಂಬ ಕಡಲಕಳೆ ಸಮುದ್ರದಲ್ಲಿ ಕಂದು, ಬಿಸಿನೀರಿನಲ್ಲಿ ಅದ್ದಿದ ಮೇಲೆ ಕಣ್ಣಿಗೆ ಹೊಡೆಯುವ ಹಸಿರು. ಆ ಹಸಿರು ಎಲ್ಲಿಂದಲೋ ಬಂದದ್ದಲ್ಲ, ಮೊದಲೇ ಒಳಗಿತ್ತು. ಅದನ್ನು ಮರೆಮಾಡಿದ್ದ ವಸ್ತುವೇ ಫ್ಯೂಕೊಕ್ಸಾಂಥಿನ್.

ಹೆಸರು ಬಿಡಿಸಿದರೆ ಸುಲಭ. ‘ಫ್ಯೂಕಸ್’ ಅಂದರೆ ಕಡಲಕಳೆ, ಗ್ರೀಕಿನ ‘ಕ್ಸಾಂಥೋಸ್’ ಅಂದರೆ ಹಳದಿ. ಕಡಲಕಳೆಯ ಹಳದಿ! ಕಂದಿಗೆ ಕಾರಣವಾದದ್ದಕ್ಕೆ ಹಳದಿ ಅಂತ ಯಾಕೆ ಹೆಸರು? ಬೇರ್ಪಡಿಸಿ ತೆಗೆದಾಗ ಅದು ಇರುವುದೇ ಕಿತ್ತಳೆ-ಹಳದಿ ಬಣ್ಣದಲ್ಲಿ. ಕ್ಯಾರೆಟ್ಟಿನ ಬೀಟಾ ಕೆರೋಟಿನ್, ಟೊಮೆಟೊದ ಲೈಕೋಪಿನ್, ಚೆಂಡುಹೂವಿನ ಲ್ಯೂಟಿನ್ ಎಲ್ಲ ಇದರ ದಾಯಾದಿಗಳು. ಕಡಲಕಳೆಯ ಒಳಗೆ ಮಾತ್ರ ಒಂದು ಪ್ರೋಟೀನ್ ಇದನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಆ ಹಿಡಿತದಲ್ಲಿದ್ದಾಗ ಇದು ಹಸಿರು ಬೆಳಕನ್ನೂ ಹೀರುತ್ತದೆ, ಹಾಗಾಗಿ ಕಳೆ ಕಂದಾಗಿ ಕಾಣುತ್ತದೆ. ಬಿಸಿ ತಾಗಿದಾಗ ಪ್ರೋಟೀನಿನ ಹಿಡಿತ ಸಡಿಲವಾಗುತ್ತದೆ, ಪಕ್ಕದಲ್ಲಿದ್ದ ಕ್ಲೋರೋಫಿಲ್ಲಿನ ಹಸಿರು ಹೊರಗೆ ಕಾಣುತ್ತದೆ. ಇದನ್ನು ಮೊದಲು ಬೇರ್ಪಡಿಸಿದವರಲ್ಲಿ ಒಬ್ಬ ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್. ಅದು 1914ರ ಮಾತು. ಮರುವರ್ಷವೇ ಸಸ್ಯಗಳ ಬಣ್ಣದ ಮೇಲಿನ ಕೆಲಸಕ್ಕೆ ಅವರಿಗೆ ನೊಬೆಲ್ ಬಂತು.

ಇದರ ಮುಖ್ಯ ಕೆಲಸ ಬೆಳಕು ಹಿಡಿಯುವುದು. ಸೂರ್ಯನ ಕೆಂಪು ಬೆಳಕನ್ನು ನೀರು ಮೇಲಿನ ಕೆಲವು ಮೀಟರಿನಲ್ಲೇ ನುಂಗಿಬಿಡುತ್ತದೆ. ಕೆಳಗೆ ಇಳಿಯುವುದು ನೀಲಿ-ಹಸಿರು. ಹಸಿರು ಬೆಳಕು ಕ್ಲೋರೋಫಿಲ್ಲಿಗೆ ಅಷ್ಟಾಗಿ ಒಗ್ಗುವುದಿಲ್ಲ. ಫ್ಯೂಕೊಕ್ಸಾಂಥಿನ್ ಅದನ್ನು ಹಿಡಿದು ಕ್ಲೋರೋಫಿಲ್ಲಿಗೆ ದಾಟಿಸುತ್ತದೆ. ಕಡಲಕಳೆಯ ಕ್ಯಾಪ್ಸೂಲ್ ಮಾರುವವರು ಇಷ್ಟು ಹೊಗಳುವ ಆಂಟಿಆಕ್ಸಿಡೆಂಟ್ ಗುಣ ಅದಕ್ಕೆ ಪಕ್ಕದ ಕೆಲಸ, ಅಷ್ಟೇ.

ಆಂಟಿಆಕ್ಸಿಡೆಂಟಿಗೆ ಪಠ್ಯಪುಸ್ತಕದಲ್ಲಿ ‘ಉತ್ಕರ್ಷಣ ನಿರೋಧಕ’ ಅಂತ ಬರೆಯುತ್ತಾರೆ. ಓದಿದ ಮೇಲೂ ಏನೂ ತಿಳಿಯದ ಪದ, ಅಲ್ವಾ? ಡಬ್ಬಿಯಲ್ಲಿ ಮರೆತ ಕೊಬ್ಬರಿ ನೆನಪಿಸಿಕೊಳ್ಳಿ. ಕೆಲವು ತಿಂಗಳಾದ ಮೇಲೆ ಕಮಟು ವಾಸನೆ. ಹಾಗೆ ಕಮಟು ಹಿಡಿಸುವುದರಲ್ಲಿ ಗಾಳಿಯ ಆಮ್ಲಜನಕದ ಕೈವಾಡ ಇದೆ. ಒಂದು ಎಲೆಕ್ಟ್ರಾನ್ ಕಡಿಮೆ ಬಿದ್ದ ಅಣು ಪಕ್ಕದ ಕೊಬ್ಬಿನ ಅಣುವಿನ ಜೇಬಿಗೆ ಕೈ ಹಾಕುತ್ತದೆ. ಕಳೆದುಕೊಂಡದ್ದು ಅದರ ಪಕ್ಕದವನ ಜೇಬಿಗೆ. ಹೀಗೆ ಸಾಲುಸಾಲಾಗಿ ನಡೆಯುತ್ತದೆ. ಆಂಟಿಆಕ್ಸಿಡೆಂಟ್ ಅಂದರೆ ಆ ಸಾಲಿನ ನಡುವೆ ನಿಂತು, ತನ್ನ ಜೇಬಿನಿಂದ ಕೊಟ್ಟು, ತಾನು ಇನ್ನೊಬ್ಬರದ್ದು ಕಸಿಯದೆ ಸುಮ್ನೆ ಇದ್ದುಬಿಡುವ ಅಣು. ಸಾಲು ಅಲ್ಲಿಗೆ ನಿಲ್ಲುತ್ತದೆ.

ಕಡಲಕಳೆಗೆ ಇದು ಯಾಕೆ ಬೇಕು? ನೀರು ಇಳಿದಾಗ ಅದರ ಪಾಡು ನೋಡಬೇಕು. ಗಂಟೆಗಟ್ಟಲೆ ಬಂಡೆಯ ಮೇಲೆ, ನೆತ್ತಿಯ ಮೇಲೆ ಬಿಸಿಲು, ಮೈಯೆಲ್ಲ ಒಣಗುತ್ತಾ ಬರುತ್ತದೆ. ಎದ್ದು ಹೋಗುವ ಹಾಗಿಲ್ಲ. ಬಿಸಿಲು ಜಾಸ್ತಿಯಾದಷ್ಟೂ ಜೇಬಿಗೆ ಕೈ ಹಾಕುವ ಅಣುಗಳೂ ಜಾಸ್ತಿ. ಅದಕ್ಕೇ ಕಂದು ಕಡಲಕಳೆ ಒಂದೇ ಮದ್ದಿಗೆ ಜೋತುಬಿದ್ದಿಲ್ಲ. ಫ್ಲೋರೋಟ್ಯಾನಿನ್ ಅಂತ ಇನ್ನೊಂದಿದೆ. ಚಹಾ, ಅಡಿಕೆಯಲ್ಲಿ ನಾಲಿಗೆ ಒಗರಾಗಿಸುವ ಟ್ಯಾನಿನ್ನಿನಂಥದ್ದೇ, ಆದರೆ ಸಿಗುವುದು ಕಂದು ಕಡಲಕಳೆಯಲ್ಲಿ ಮಾತ್ರ. ಅದು ಬಿಸಿಲಿನ ಅತಿನೇರಳೆ ಕಿರಣವನ್ನೂ ತಡೆಯುತ್ತದೆ, ಮೇಯಲು ಬಂದ ಹುಳುಹುಪ್ಪಟೆಗೂ ಬಾಯಿ ಕೆಡಿಸುತ್ತದೆ. ಮುಟ್ಟಿದಾಗ ಕೈಗೆ ಹತ್ತುವ ಲೋಳೆಯಲ್ಲಿ ಫ್ಯೂಕೊಯ್ಡನ್ ಎಂಬ ಗಂಧಕ ಬೆರೆತ ಸಕ್ಕರೆಸರಪಳಿ ಇರುತ್ತದೆ. 1913ರಲ್ಲಿ ಸ್ವೀಡನ್ನಿನ ಹ್ಯಾರಾಲ್ಡ್ ಕಿಲಿನ್ ಗುರುತಿಸಿದ್ದು. ಕೆಲ್ಪ್ ಎಂಬ ದೊಡ್ಡ ಕಂದು ಕಳೆಗಳಂತೂ ಅಯೋಡಿನ್ನಿನ ಲವಣವನ್ನೇ ಆಂಟಿಆಕ್ಸಿಡೆಂಟ್ ಮಾಡಿಕೊಂಡಿವೆ. ಇದು ಗೊತ್ತಾದದ್ದು ಈಚೆಗೆ, 2008ರಲ್ಲಿ.

ಇನ್ನು ನಮ್ಮ ವಿಷಯ. ‘ಪ್ರಬಲ ಆಂಟಿಆಕ್ಸಿಡೆಂಟ್’ ಎಂದು ಕ್ಯಾಪ್ಸೂಲ್ ಡಬ್ಬಿಯ ಮೇಲೆ ಬರೆಯುವ ಮಾತು ಹೆಚ್ಚಾಗಿ ಹುಟ್ಟುವುದು ಗಾಜಿನ ಕೊಳವೆಯಲ್ಲಿ. ಡಿಪಿಪಿಎಚ್ ಎಂಬ ಕಡು ನೇರಳೆ ದ್ರಾವಣಕ್ಕೆ ಕಡಲಕಳೆಯ ರಸ ಹಾಕುತ್ತಾರೆ. ನೇರಳೆ ಮಾಸಿ ತಿಳಿ ಹಳದಿಗೆ ತಿರುಗಿದರೆ ಪಾಸು. ನೋಡಲು ಚಂದ. ಆದರೆ ಕೊಳವೆಗೆ ಕರುಳಿಲ್ಲ, ಯಕೃತ್ತಿಲ್ಲ. ನಾವು ತಿಂದ ಫ್ಯೂಕೊಕ್ಸಾಂಥಿನ್ ಕರುಳಲ್ಲೇ ಒಡೆದು ಫ್ಯೂಕೊಕ್ಸಾಂಥಿನಾಲ್ ಆಗುತ್ತದೆ. ರಕ್ತ ಸೇರುವುದು ಹೆಚ್ಚಾಗಿ ಆ ಬದಲಾದ ರೂಪವೇ. ಅದೂ ಊಟದಲ್ಲಿ ಎಣ್ಣೆಯೋ ತುಪ್ಪವೋ ಇದ್ದರೆ ಸಲೀಸು, ಏಕೆಂದರೆ ಇದು ಕೊಬ್ಬಿನಲ್ಲಿ ಕರಗುವ ವಸ್ತು.

ಫ್ಯೂಕೊಕ್ಸಾಂಥಿನ್ ತೂಕ ಇಳಿಸುತ್ತದೆ ಎಂದು ಮಾರುವವರು ಹೇಳುವ ಮಾತಿಗೂ ಒಂದು ಮೂಲವಿದೆ. ಜಪಾನಿನ ಹೊಕ್ಕೈಡೋ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಕಾಮೆಯ ಫ್ಯೂಕೊಕ್ಸಾಂಥಿನ್ ತಿಂದ ಇಲಿಗಳ ಹೊಟ್ಟೆಯ ಕೊಬ್ಬು ಕಡಿಮೆಯಾಗಿತ್ತು. ಕೊಬ್ಬನ್ನು ಶಾಖವಾಗಿ ಉರಿಸುವ ಯುಸಿಪಿ1 ಎಂಬ ಪ್ರೋಟೀನ್, ಸಾಮಾನ್ಯವಾಗಿ ಅದು ಇರದ ಬಿಳಿ ಕೊಬ್ಬಿನಲ್ಲಿ ಕಾಣಿಸಿಕೊಂಡಿತ್ತು. ನಿಜಕ್ಕೂ ಕುತೂಹಲದ ಸಂಗತಿ. ಆದರೆ ಇಲಿಯ ಹೊಟ್ಟೆ ಕರಗಿದ್ದನ್ನು ತೋರಿಸಿ ನಮ್ಮ ಸೊಂಟಕ್ಕೆ ಮಾರುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಕ್ಯಾಪ್ಸೂಲ್ ಬೇಡ ಅಂತ ದಡದಿಂದ ಕಳೆ ಆರಿಸಿ ತಂದು ಸಾರು ಮಾಡಲು ಹೋಗಬೇಡಿ. ಒಬ್ಬ ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಒಣಗಿದ ಕೊಂಬು ಎಂಬ ಕೆಲ್ಪಿನ ಒಂದು ಗ್ರಾಮಿನಲ್ಲೇ ಅದರ ಹತ್ತು ಪಟ್ಟು ಮೀರಿ ಇರಬಹುದು. ಥೈರಾಯ್ಡ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟದಿರುವುದೇ ಒಳ್ಳೆಯದು. ನಮ್ಮ ಸರ್ಗಾಸಮ್ಮಿನ ಹತ್ತಿರದ ನೆಂಟ ಹಿಜಿಕಿ. ಅದರಲ್ಲಿ ಆರ್ಸೆನಿಕ್ ಜಾಸ್ತಿ ಅಂತ ಬ್ರಿಟನ್ 2004ರಲ್ಲೇ ಜನರಿಗೆ ತಿನ್ನಬೇಡಿ ಅಂದಿತು.

ನಮ್ಮಲ್ಲಿ ಸರ್ಗಾಸಮ್ಮಿನ ಬಳಕೆ ಬೇರೆ ತರಹ. ತಮಿಳುನಾಡಿನ ಮಂಡಪಂ ಕಡೆ ಅದನ್ನು ಆರಿಸಿ, ಒಣಗಿಸಿ, ಆಲ್ಜಿನೇಟ್ ತೆಗೆಯುವ ಕಾರ್ಖಾನೆಗೆ ಕಳಿಸುತ್ತಾರೆ. ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಾಯಿಗೆ ತುಂಬುವ ತಣ್ಣನೆಯ ಹಿಟ್ಟು ಇದೆಯಲ್ಲ, ಅದರಲ್ಲಿರುವುದು ಆಲ್ಜಿನೇಟೇ. ಅಲೆ ಎಸೆದು ಮರಳಲ್ಲಿ ಉಳಿದ ಕಳೆಯನ್ನು ಕೆಲವು ದಿನ ಬಿಟ್ಟು ನೋಡಿದರೆ ಅದರ ಕಂದು ಮಾಸಿರುವುದೂ ಉಂಟು. ಬಿಸಿಲಿಗೂ ಗಾಳಿಗೂ ಫ್ಯೂಕೊಕ್ಸಾಂಥಿನ್ ಒಡೆದುಹೋಗುತ್ತದೆ. ಹೊಸದಾಗಿ ಮಾಡಿಕೊಳ್ಳಲು ಕಳೆಗೆ ಆಗ ಜೀವ ಇರುವುದಿಲ್ಲ.