ದನ ಕಂಡರೆ ಬೆದರುವ ಕುದುರೆ: ನನ್ನ ಟಿಪ್ಪಣಿ

ದನ ಕಂಡು ಕುದುರೆ ಹಿಂದೆ ಸರಿದರೆ ಅದನ್ನು ಹಠ ಅಂದುಕೊಳ್ಳಬೇಡಿ. ಓಡಿ ಜೀವ ಉಳಿಸಿಕೊಂಡು ಬಂದ ಪ್ರಾಣಿ ಅದು, ಮೊದಲು ಓಡುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ. ಎರಡೂ ಕಣ್ಣು ಸೇರಿ ದೂರ ಅಳೆಯುವುದು ಮಾತ್ರ ಮುಂದಿನ 65 ಡಿಗ್ರಿ ಆಸುಪಾಸಿನಲ್ಲಿ. ಹಾಗಾಗಿ ಲಂಟಾನ ಪೊದೆಯಿಂದ ದಡಬಡ ಅಂತ ಏನಾದರೂ ಹೊರಬಂದರೆ, ಅದು ದನವೋ ಹುಲಿಯೋ ಅಂತ ಗೊತ್ತಾಗುವ ಮೊದಲೇ ಕಾಲು ಕಿತ್ತಿರುತ್ತದೆ.

ನಮ್ಮ ಕಡೆಯ ದನದ ತಳಿ ಮಲೆನಾಡು ಗಿಡ್ಡ ಇರುವುದೇ ಸುಮಾರು ಮೂರಡಿ ಎತ್ತರ. ಕಾಡಲ್ಲಿ ಬಿಡುಬೀಸಾಗಿ ಮೇಯುತ್ತದೆ, ಎಲ್ಲಿಂದ ನುಗ್ಗುತ್ತದೋ ಹೇಳೋಕಾಗಲ್ಲ.

ನಾನು ಮಾಡಿದ ತಪ್ಪು ಕೇಳಿ. ತೀರ್ಥಹಳ್ಳಿ ಕಡೆಯ ಒಂದು ಓಣಿ, ಎರಡೂ ಕಡೆ ದರೆ (ಗೋಡೆಯಂಥ ಮಣ್ಣಿನ ದಿಣ್ಣೆ), ಎದುರಿಗೆ ಕೊಟ್ಟಿಗೆಗೆ ಮರಳುವ ದನಗಳು. ಲಗಾಮು ಬಿಗಿಹಿಡಿದು, ಹಿಮ್ಮಡಿಯಲ್ಲಿ ಒತ್ತಿ ಒತ್ತಿ ಮುಂದೆ ನೂಕಿದೆ. ಕುದುರೆಗೆ ತಲೆ ಎತ್ತಿ ನೋಡೋಕೂ ಆಗಲಿಲ್ಲ, ಪಕ್ಕಕ್ಕೆ ಸರಿಯೋಕೂ ಆಗಲಿಲ್ಲ. ಗಿರಕ್ಕನೆ ತಿರುಗಿತು. ನಾನು ಚರಂಡಿಯಲ್ಲಿದ್ದೆ.

ಈಗ ತಿರುವುಮುರುವು ಮಾಡುತ್ತೇನೆ: ದನ ನಮ್ಮ ಕಡೆ ಬರಬಾರದು, ದೂರ ಹೋಗುತ್ತಿರಬೇಕು, ನಾವು ಅದರ ಹಿಂದೆ ಹೋಗಬೇಕು. ತನ್ನಿಂದ ದೂರ ಸರಿಯುವುದನ್ನು ಕಂಡರೆ ಕುದುರೆಗೆ ಹೆದರಿಕೆ ಕಮ್ಮಿ, ಕುತೂಹಲ ಜಾಸ್ತಿ. ಸಂಜೆ ದನ ಮನೆಗೆ ಹೊರಟಾಗ ಬಯಲಿನಲ್ಲಿ ದೂರದಿಂದ ಸುಮ್ನೆ ಹಿಂಬಾಲಿಸಿ. ದನ ನಿಂತರೆ ನೀವೂ ನಿಲ್ಲಿ. ಅಟ್ಟಿಸಿಕೊಂಡು ಹೋಗಬೇಡಿ, ಗಬ್ಬದ ಹಸು ಇರುತ್ತದೆ, ಊರವರ ಬೈಗುಳವೂ ನಿಮಗೇ.

ಎಷ್ಟು ದೂರ? ಟೇಪು ಬೇಡ, ಹುಲ್ಲು ಸಾಕು. ದನ ಕಾಣುತ್ತಿದ್ದರೂ ಕುದುರೆ ತಲೆ ಬಗ್ಗಿಸಿ ಹುಲ್ಲು ತಿಂದರೆ ಅದೇ ಸರಿಯಾದ ದೂರ. ತಲೆ ಮೇಲೆ, ಕಿವಿ ಎರಡೂ ಮುಂದಕ್ಕೆ ಸೆಟೆದು, ಮೂಗಿನ ಹೊಳ್ಳೆ ಅರಳಿದ್ದರೆ ಹತ್ತಿರ ಜಾಸ್ತಿ ಆಯಿತು ಅಂತ ಅರ್ಥ. ಅದು ತಿರುಗಿ ಓಡುವ ಮೊದಲು ನೀವೇ ತಿರುಗಿಸಿ, ಹತ್ತು ಹೆಜ್ಜೆ ಹೋಗಿ, ಮತ್ತೆ ಬನ್ನಿ. ಕುದುರೆ ಒಂದು ಹೆಜ್ಜೆ ಮುಂದಿಟ್ಟ ಕೂಡಲೇ ನಿಮ್ಮ ಕಾಲಿನ ಒತ್ತು ಬಿಡಬೇಕು. ಇದೇ ನನಗೆ ಕಷ್ಟವಾಗಿದ್ದು. ಕುದುರೆ ಕಲಿಯುವುದು ಒತ್ತಿದಾಗ ಅಲ್ಲ, ಬಿಟ್ಟಾಗ. ತಡವಾಗಿ ಬಿಟ್ಟರೆ ಬೇರೇನೋ ಕಲಿಯುತ್ತದೆ.

ಕುತ್ತಿಗೆಗೆ ಟಪಟಪ ಬಡಿಯುವುದನ್ನು ಬಿಟ್ಟು, ಜೀನಿನ ಮುಂದೆ ಹೆಗಲ ದಿಬ್ಬದ ಹತ್ತಿರ ತುರಿಸಿ. ಕುದುರೆಗಳು ಒಂದಕ್ಕೊಂದು ತುರಿಸಿಕೊಳ್ಳುವ ಜಾಗ ಅದು, ಅಲ್ಲಿ ತುರಿಸಿದರೆ ಎದೆಬಡಿತ ಇಳಿಯುತ್ತದೆ. ದನಕ್ಕೆ ಹೆದರದ ಹಳೇ ಕುದುರೆ ಜೊತೆಗಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಇಳಿದು ನಡೆಸುವುದು ಅವಮಾನವಲ್ಲ. ಹೆಗಲ ಪಕ್ಕ ನಿಲ್ಲಿ, ಎದುರಿಗೆ ಬೇಡ, ಬೆದರಿದರೆ ನಿಮ್ಮ ಮೇಲೇ ಹಾರುತ್ತದೆ.

ಇನ್ನೊಂದು, ದನ ಕಾಯುವವರನ್ನು ಮೊದಲೇ ಮಾತಾಡಿಸಿ. ಎಳೆಗರುವಿನ ತಾಯಿ ಯಾವುದು, ಹಾಯುವುದು ಯಾವುದು ಅಂತ ಅವರಿಗೇ ಗೊತ್ತು. "ಅಮ್ಮಾ, ಹಾಯೋ ದನ ಇದ್ಯಾ?" ಅಂತ ನಾನು ಕೇಳಿದ್ದಕ್ಕೆ ಒಬ್ಬರು ನಕ್ಕರು. "ಹೆದರಬೇಡಿ ಮಾರಾಯ್ರೆ, ನಮ್ಮ ಗೌರಿಗೇ ನಿಮ್ಮ ಕುದುರೆ ಕಂಡ್ರೆ ಹೆದರಿಕೆ." ಈಗ ಗೌರಿಯ ಹಿಂದೆ ಬೇಣದುದ್ದಕ್ಕೂ, ಅಂದರೆ ಹುಲ್ಲುಗಾವಲಿನುದ್ದಕ್ಕೂ, ಆರಾಮಾಗಿ ಹೋಗುತ್ತೇವೆ. ದಣಪೆ (ಗಳು ಅಡ್ಡ ಹಾಕಿದ ಬೇಲಿಯ ಬಾಗಿಲು) ದಾಟುವಾಗ ಮಾತ್ರ ಇನ್ನೂ ಇಳಿದೇ ನಡೆಸುತ್ತೇನೆ.